ಅಂಕಫಲಕದ ಕಿಂಡಿ

ಆಗಸ್ಟ್ 26, 1953

ಇವತ್ತೂ ಗೇಟು ತೆರೆಯುವ ಮೊದಲೇ ಏಣಿ ಹತ್ತಿದೆ. ಯಾರೂ ನೋಡಲಿಲ್ಲ. ಫಲಕದ ಅಂಕಿ ಬದಲಿಸುವ ಗಸ್ ಆಗಲೇ ಬಂದು ತಗಡಿನ ಅಂಕಿಗಳನ್ನು ಒರೆಸುತ್ತಿದ್ದ. ಅಂಕಫಲಕದೊಳಗೆ ಬೇಯುವ ಸೆಕೆ, ಪಾರಿವಾಳದ ಹಿಕ್ಕೆಯ ವಾಸನೆ. ಸ್ಯಾಂಡ್‌ವಿಚ್ ಅರ್ಧ ನನಗೆ, ಅರ್ಧ ಅವನಿಗೆ.

ಗೆದ್ದೆವು. ಮತ್ತೆ. ಊರಲ್ಲಿ ಎಲ್ಲರ ಬಾಯಲ್ಲೂ ನಮ್ಮ ಬೇಸ್‌ಬಾಲ್ ತಂಡದ್ದೇ ಮಾತು — ವೇರಿಂಗ್‌ಟನ್ ಬ್ರಿಕ್‌ಮೆನ್‌ಗೆ ಏನಾಯ್ತಪ್ಪ, ಜೂನ್‌ನಲ್ಲಿ ಕೊನೆಯಲ್ಲಿದ್ದವರು ಈಗ ಮೇಲಿದ್ದಾರಲ್ಲ ಅಂತ. ಏನಾಯ್ತು ಅಂತ ಹೇಳೋಣವೆಂದರೆ ಹೇಳುವ ಹಾಗಿಲ್ಲ. ಇಲ್ಲಿ ಬರೆದರೆ ಮನಸ್ಸಾದರೂ ಹಗುರವಾದೀತು.

ಎದುರಾಳಿ ಕ್ಯಾಚರ್ ಬ್ಯಾಟರ್‌ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಚೆಂಡೆಸೆಯುವ ತನ್ನ ಪಿಚರ್‌ಗೆ ತೊಡೆಗಳ ನಡುವೆ ಬೆರಳು ತೋರಿಸುತ್ತಾನೆ. ಒಂದು ಅಂದರೆ ನೇರ ಎಸೆತ. ಎರಡು ಅಂದರೆ ತಿರುಗುವ ಚೆಂಡು. ಮೈದಾನದ ಈ ತುದಿಯಿಂದ ನಾನು ದುರ್ಬೀನಿನಲ್ಲಿ ಅದನ್ನು ನೋಡುತ್ತೇನೆ. ತಿರುವಾದರೆ ಫಲಕದ ಕೊನೆಯ ಕಿಂಡಿ ಮುಚ್ಚುತ್ತೇನೆ. ನೇರವಾದರೆ ತೆರೆದೇ ಬಿಡುತ್ತೇನೆ. ನಮ್ಮ ಬ್ಯಾಟರ್ ಪಿಚರ್‌ನ ತಲೆಯ ಮೇಲಿಂದ ಒಮ್ಮೆ ಕಣ್ಣೆತ್ತಿದರೆ ಸಾಕು, ಏನು ಬರುತ್ತದೆಂದು ಗೊತ್ತು.

ಬರಿಗಣ್ಣಲ್ಲಿ ಸನ್ನೆ ಕದಿಯುವುದು ಎಲ್ಲರೂ ಮಾಡುವುದೇ. ಅದನ್ನು ಜಾಣತನ ಅನ್ನುತ್ತಾರೆ. ದುರ್ಬೀನು ಇಟ್ಟು ಕದಿಯುವುದು ಬೇರೆ. ಸಿಕ್ಕಿಬಿದ್ದರೆ ಈ ಲೀಗಿನಲ್ಲಿ ಮತ್ತೆ ಕಾಲಿಡುವ ಹಾಗಿಲ್ಲ. ಜುಲೈಯಲ್ಲಿ ನನ್ನ ಹೆಬ್ಬೆರಳು ಮುರಿದಾಗ ಮ್ಯಾನೇಜರ್ ಹಾಲ್ಕಮ್ ಕರೆದು ಹೇಳಿದ್ದು ಇಷ್ಟೇ: "ನೀನೂ ಕ್ಯಾಚರ್ರೇ ತಾನೇ ವೆಂಡೆಲ್, ಬೆರಳಿನ ಭಾಷೆ ನಿಂಗೆ ಬರುತ್ತೆ. ಮೇಲೆ ಹೋಗಿ ಕೂತ್ಕೋ. ಇಲ್ಲಾಂದ್ರೆ ಊರಿಗೆ ಹೋಗು." ಕೂತೆ. ಏಣಿ ಕಿರುಗುಟ್ಟಿದಾಗೆಲ್ಲ ದುರ್ಬೀನು ಅಂಗಿಯೊಳಗೆ ತುರುಕುತ್ತೇನೆ.

ಆಗಸ್ಟ್ 29

ಒಳಗಿನ ಹಲಗೆಗಳ ಮೇಲೆ ಮೊಳೆಯಲ್ಲಿ ಗೀಚಿದ ಬರಹ. ಗಸ್‌ಗಿಂತ ಮೊದಲು ಇಲ್ಲಿದ್ದವನು ಶುರು ಮಾಡಿದ್ದಂತೆ. ತಂಡದ ಚರಿತ್ರೆಯೆಲ್ಲ ಅಲ್ಲೇ ಇದೆ. 1919 — ಲೀಗ್ ಗೆದ್ದೆವು. 1927 — ಮೈದಾನದ ನಡುವೆ ಸಿಡಿಲು, ಯಾರಿಗೂ ಏನಾಗಲಿಲ್ಲ. 1934 — ಕತ್ತಲಾಗಿ ಚೆಂಡು ಕಾಣದಾಗುವವರೆಗೆ ಆಡಿದೆವು, ಸೋತೆವು. 1942 — ಆಟಗಾರರೆಲ್ಲ ಯುದ್ಧಕ್ಕೆ, ಗೇಟಿಗೆ ಬೀಗ. ಆಮೇಲೆ ಹಲಗೆ ಖಾಲಿ.

"ಈ ವರ್ಷದ್ದಕ್ಕೆ ಒಳ್ಳೆ ಜಾಗ ಬಿಟ್ಟಿದೀನಿ ನೋಡು," ಅಂದ ಗಸ್.

"ದುರ್ಬೀನಿನ ವಿಷ್ಯನೂ ಗೀಚ್ತೀಯಾ?"

"ಹಲಗೆ ಚಿಕ್ಕದು ಮಾರಾಯ."

ರಾತ್ರಿ ಊಟ ಡೆಲ್ಬರ್ಟ್ ಮನೆಯಲ್ಲಿ. ನಮ್ಮ ಮೊದಲನೇ ಬೇಸಿನ ಆಟಗಾರ. ಏಳು ವರ್ಷದಿಂದ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಗೊರಕೆ ಹೊಡೆಯುವವನು. ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿ ಹೊಡೆಯುತ್ತಿದ್ದಾನೆ ಅಂತ ಪತ್ರಿಕೆಯಲ್ಲಿ ಫೋಟೊ ಬೇರೆ ಬಂದಿದೆ. ಅವನ ಹೆಂಡತಿ ಓಪಲ್ ಅದನ್ನು ಗೋಡೆಗೆ ಅಂಟಿಸಿದ್ದಾಳೆ. ಅವಳು ಅಡುಗೆಮನೆಗೆ ಹೋದಾಗ ಡೆಲ್ಬರ್ಟ್ ಪಿಸುಗುಟ್ಟಿದ: "ಆ ಫೋಟೋದಲ್ಲಿ ಅರ್ಧ ಮುಖ ನಿಂದೇ ಕಣೋ."

ನಗು ಬಂತು. ಆಮೇಲೆ ಯಾಕೋ ಹೆದರಿಕೆಯೂ ಆಯಿತು. ಕಿಂಡಿ ಮುಚ್ಚಿದರೆ ಅವನು ಯೋಚಿಸುವುದೇ ಇಲ್ಲ, ಮುಂದೆ ವಾಲಿಬಿಡುತ್ತಾನೆ. ತಿರುಗುವ ಚೆಂಡು ತಲೆಗೇ ಬರುವಂತೆ ಬಂದು ಹೊರಗೆ ಬಾಗುತ್ತದೆ, ಅದಕ್ಕೆ ಹೆದರದೆ ವಾಲಿದವನಿಗೇ ಹೊಡೆತ ಸಿಗುತ್ತದೆ. ಬಾಗದೇ ಇದ್ದರೆ? ತಲೆಯ ಮೇಲೆ ಬರೀ ಬಟ್ಟೆಯ ಟೋಪಿ.

ಸೆಪ್ಟೆಂಬರ್ 2

ದೇವರೇ.

ಸೆಪ್ಟೆಂಬರ್ 3, ಬೆಳಗಿನ ಜಾವ

ಬರೆಯಬೇಕು. ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತದೆ.

ನಿನ್ನೆ ಹ್ಯಾಲೋವೆಲ್ ತಂಡದ ಮೇಲೆ. ಅವರ ಪಿಚರ್ ಬೋಸ್ಟ್ರಮ್, ಕಡ್ಡಿಯಂಥ ಆಸಾಮಿ, ವೇಗ ಮಾತ್ರ ಭಯಂಕರ. ಡೆಲ್ಬರ್ಟ್ ಬ್ಯಾಟಿಗೆ ಬಂದ. ನಮ್ಮವನೊಬ್ಬ ಆಗಲೇ ಮೊದಲನೇ ಬೇಸಿನಲ್ಲಿದ್ದ, ಓಟದ ಮೊದಲ ನಿಲುಗಡೆಯಲ್ಲಿ.

ದುರ್ಬೀನಿನಲ್ಲಿ ಕ್ಯಾಚರ್‌ನ ಕೈ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ. ಬೇಸುಗಳಲ್ಲಿ ಯಾರಿದ್ದಾರೆ ಅಂತ ಗಸ್ ಹೇಳಬೇಕು. ಅದು ಮುಖ್ಯ. ನಮ್ಮವನು ಪಿಚರ್‌ನ ಬೆನ್ನ ಹಿಂದಿರುವ ಎರಡನೇ ಬೇಸಿಗೆ ಬಂದುಬಿಟ್ಟರೆ ಅವನಿಗೂ ಕ್ಯಾಚರ್‌ನ ಬೆರಳು ನೇರವಾಗಿ ಕಾಣುತ್ತದೆ. ಆಗ ಕ್ಯಾಚರ್ ಸನ್ನೆ ಬದಲಿಸುತ್ತಾನೆ. ಮೂರು ಸಲ ತೋರಿಸುತ್ತಾನೆ, ಮೊದಲನೆಯದು ಸುಳ್ಳು, ಎರಡನೆಯದೇ ನಿಜ.

ನಮ್ಮವನು ಹಿಂದಿನ ಎಸೆತದಲ್ಲೇ ಕದ್ದೋಡಿ ಎರಡನೇ ಬೇಸು ಸೇರಿಬಿಟ್ಟಿದ್ದ. ಜನ ಕೂಗಿದರು. ಯಾವಾಗಲೂ ಕೂಗುತ್ತಾರೆ. ಗಸ್ ಆಗ ಸ್ಟೂಲಿನ ಮೇಲೆ ನಿಂತು ಮೇಲಿನ ಸಾಲಿನ ಅಂಕಿ ಬದಲಿಸುತ್ತಿದ್ದ. ಹೇಳಲಿಲ್ಲ. ನಾನು ಕೇಳಲಿಲ್ಲ. ಎರಡು ಬೆರಳು ಕಂಡಿತು. ಆಮೇಲೆ ಒಂದು, ಮತ್ತೆ ಎರಡು. ಇದೇನು ಅಂತ ಅನುಮಾನ ಬಂತು — ಬಂತು, ಸುಳ್ಳು ಹೇಳಲಾರೆ. ಆದರೆ ಪಿಚರ್ ಕೈ ಎತ್ತಿಯಾಗಿತ್ತು. ಮುಚ್ಚಿದರೆ ತಿರುವು, ತೆರೆದರೆ ನೇರ. "ನನಗೆ ಗೊತ್ತಿಲ್ಲ" ಅನ್ನುವುದಕ್ಕೆ ನಮ್ಮಲ್ಲಿ ಸನ್ನೆಯೇ ಇಲ್ಲ.

ಮುಚ್ಚಿದೆ. ಡೆಲ್ಬರ್ಟ್ ವಾಲಿದ. ಚೆಂಡು ಬಾಗಲಿಲ್ಲ.

ಆ ಸದ್ದು ಫಲಕದವರೆಗೂ ಕೇಳಿಸಿತು.

ಸೆಪ್ಟೆಂಬರ್ 6, ಭಾನುವಾರ

ಡೆಲ್ಬರ್ಟ್‌ಗೆ ಎಚ್ಚರವಾಗಿದೆ. ಉಳಿಯುತ್ತಾನಂತೆ. ಎಡಗಿವಿ ಹೋಯಿತು. ಎಡಗಣ್ಣಿನ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಬೋಸ್ಟ್ರಮ್ ನಿಂತಿದ್ದ. ಕೈಯಲ್ಲಿ ಪೀಚ್ ಹಣ್ಣಿನ ಚೀಲ. ಓಪಲ್ ಒಳಗೆ ಬಿಟ್ಟಿಲ್ಲ. "ಬೇಕೂಂತ ತಲೆಗೆ ಎಸೆದು ಹಣ್ಣು ತಂದಿದೀಯಾ? ನೀನೇ ತಿನ್ನು," ಅಂದಳಂತೆ. ಊರೆಲ್ಲ ಅದನ್ನೇ ಹೇಳುತ್ತಿದೆ. ಅವನು ಇಳಿದುಕೊಂಡ ಹೋಟೆಲಿನ ಬಾಗಿಲಿಗೆ ಯಾರೋ ಇಟ್ಟಿಗೆ ಎಸೆದಿದ್ದಾರೆ.

ನನ್ನನ್ನು ನೋಡಿ ಹತ್ತಿರ ಬಂದ. "ನೀವು ಅವ್ರ ಸ್ನೇಹಿತ್ರಲ್ವಾ? ಸ್ವಲ್ಪ ಒಳಗಡೆ ಬಂದಿತ್ತು ಚೆಂಡು, ಅಷ್ಟೇ ಸಾರ್. ಯಾರಾದ್ರೂ ಹಿಂದೆ ಸರೀತಾರೆ. ಅವ್ರು ಯಾಕೆ ಮುಂದೆ ಬಂದ್ರೋ ನಂಗೊತ್ತಾಗ್ತಿಲ್ಲ. ಕಣ್ಮುಚ್ಚಿದ್ರೆ ಅದೇ ಕಾಣುತ್ತೆ."

ಹಣ್ಣಿನ ಚೀಲ ಇಸಕೊಂಡು ಒಳಗೆ ಹೋದೆ. ಥೂ ನನ್ನ.

ಡೆಲ್ಬರ್ಟ್ ತಲೆ ತುಂಬ ಬ್ಯಾಂಡೇಜು. ಬಲಗಡೆ ಬಂದು ಕೂರು ಅಂತ ಕೈ ಆಡಿಸಿದ. ಓಪಲ್ ಹೊರಗೆ ಹೋಗುವವರೆಗೆ ಕಾದು ಕೇಳಿದ: "ಕಿಂಡಿ ಮುಚ್ಚಿತ್ತು ಕಣೋ. ನಾನು ನೋಡ್ದೆ. ಮತ್ಯಾಕೆ ತಿರುಗಲಿಲ್ಲ?"

ಚೀಲದಿಂದ ಒಂದು ಪೀಚ್ ತೆಗೆದೆ.

"ಆ ಪಿಚರ್ರೇ ಸನ್ನೆ ತಪ್ಪಿರಬೇಕು ಬಿಡು," ಡೆಲ್ಬರ್ಟೇ ಅಂದ. "ನೀನಂತೂ ತಪ್ಪಲ್ಲ."

ಪೀಚ್ ಸುಲಿದು ಕೊಟ್ಟೆ.

ಸೆಪ್ಟೆಂಬರ್ 9

ಹಾಲ್ಕಮ್‌ಗೆ ಎಲ್ಲ ಹೇಳಿದೆ. ಬಾಗಿಲು ಹಾಕಿಕೊಂಡು ಕೇಳಿಸಿಕೊಂಡ.

"ಮುಗೀತಾ? ಹೊರಗೆ ಯಾರ ಹತ್ರನೂ ಬಾಯಿ ಬಿಡ್ಬೇಡ. ಭಾನುವಾರ ಕೊನೇ ಮ್ಯಾಚು. ಗೆದ್ರೆ ಲೀಗ್ ನಮ್ದು."

"ನಾನು ಹತ್ತಲ್ಲ."

"ಹತ್ಬೇಡ. ಕಿಂಡಿ ತೆರೆದೇ ಇರುತ್ತೆ. ಹುಡುಗ್ರು ನೇರ ಅಂದ್ಕೊಂಡು ನಿಲ್ತಾರೆ. ಆಮೇಲೆ?"

"ಅವರಿಗೆ ಹೇಳಿ, ಇನ್ಮೇಲೆ ಕಿಂಡಿ ನೋಡ್ಬೇಡಿ ಅಂತ."

"ಹೇಳಿದ್ರೆ ಡೆಲ್ಬರ್ಟ್‌ಗೆ ಏನಾಯ್ತು ಅಂತನೂ ಹೇಳ್ಬೇಕಾಗುತ್ತೆ. ಬ್ಯಾಟ್ ಹಿಡಿಯೋ ಕೈ ನಡುಗುತ್ತೆ ಅವರದ್ದು. ನಾನು ಹೇಳಲ್ಲ. ನೀನು ಹೇಳಿದ್ರೆ ನಾಳೆಯಿಂದ ಬರ್ಬೇಡ. ಬೇರೆಯವನ್ನ ಕೂರಿಸ್ತೀನಿ, ಬೆರಳು ಎಣಿಸೋಕೂ ಬರದವನ್ನ."

ನನ್ನ ಜಾಗದಲ್ಲಿ ಬೆರಳು ಎಣಿಸಲು ಬರದವನು. ಅದು ಇನ್ನೂ ಭಯ.

ಸೆಪ್ಟೆಂಬರ್ 12

ನಿದ್ದೆ ಇಲ್ಲ. ಕಣ್ಣು ಹತ್ತಿದರೆ ಕಿಂಡಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಎಷ್ಟು ಎಳೆದರೂ ತೆರೆಯುವುದಿಲ್ಲ. ಡೆಲ್ಬರ್ಟ್ ಜಾಗಕ್ಕೆ ಟೇಬರ್ ಬಂದಿದ್ದಾನೆ. ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನನ್ನು ಹಿಡಿದೆ. ಹೇಳಿಯೇಬಿಡಬೇಕು ಅಂತ. ಅವನೇ ನನ್ನ ಭುಜ ತಟ್ಟಿದ: "ನೀವು ಮೇಲಿದ್ದೀರಿ ಅಂದ್ರೆ ನಂಗೆ ಧೈರ್ಯ ಅಣ್ಣ." ಹಾಲ್ಕಮ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಹೇಳಲಿಲ್ಲ. ನಾನೆಂಥ ಹೇಡಿ ಅಂತ ಮೂವತ್ತನಾಲ್ಕು ವರ್ಷಕ್ಕೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಡೆಲ್ಬರ್ಟ್ ರೇಡಿಯೊ ತರಿಸಿಕೊಂಡಿದ್ದಾನೆ. ನಾಳೆ ಕೇಳುತ್ತಾನಂತೆ, ಒಳ್ಳೆಯ ಕಿವಿಯಲ್ಲಿ.

ಸೆಪ್ಟೆಂಬರ್ 13, ಮಧ್ಯಾಹ್ನ, ಫಲಕದೊಳಗೆ

ಹ್ಯಾಲೋವೆಲ್‌ನವರು ಬ್ಯಾಟಿಂಗ್‌ನಲ್ಲಿದ್ದಾರೆ. ಅವರು ಆಡುವಾಗ ನನಗೆ ಕೆಲಸವಿಲ್ಲ, ಬರೆಯುತ್ತಿದ್ದೇನೆ. ಇದುವರೆಗೆ ಎಲ್ಲ ಸರಿಯಾಗಿ ತೋರಿಸಿದೆ. ಪ್ರತಿ ಸಲವೂ ಗಸ್‌ನನ್ನು ಕೇಳುತ್ತೇನೆ, ಎರಡರಲ್ಲಿ ಯಾರಾದರೂ ಇದ್ದಾರಾ, ಇದ್ದಾರಾ. ಅವನಿಗೂ ಗಂಟಲು ಬಿದ್ದಿದೆ. ಅಂಗಿ ಒದ್ದೆ. ಇವತ್ತೂ ಅವರಿಗೆ ಎಸೆಯುವವನು ಬೋಸ್ಟ್ರಮ್ಮೇ, ಜನ ಅವನ ತಾಯಿಯನ್ನೂ ಬಿಡದೆ ಬೈಯುತ್ತಿದ್ದಾರೆ. ದುರ್ಬೀನು ಒಮ್ಮೆ ಅವನ ಮುಖಕ್ಕೆ ತಿರುಗಿಸಿದೆ. ತಿರುಗಿಸಬಾರದಿತ್ತು.

ಒಂದು ರನ್ ಹಿಂದಿದ್ದೇವೆ. ಮುಂದಿನದು ನಮ್ಮ ಕೊನೆಯ ಸರದಿ. ಸಾಕಪ್ಪ, ಬೇಗ ಮುಗಿಯಲಿ.

ಅದೇ ದಿನ, ಇನ್ನೂ ಒಳಗೇ

ಬೇಗ ಬರೆಯಬೇಕು.

ಎರಡನೇ ಬೇಸಿನಲ್ಲಿ ನಮ್ಮವನು. ಗಸ್ ಹೇಳಿದ, ಈ ಸಲ ಕೂಗಿ ಹೇಳಿದ. ಬ್ಯಾಟಿಗೆ ಟೇಬರ್. ಕ್ಯಾಚರ್ ಎರಡು ತೋರಿಸಿದ. ಒಂದು. ಮತ್ತೆ ಎರಡು. ಎದೆ ಮುಟ್ಟಿಕೊಂಡ. ಮತ್ತೆ ಮೊದಲಿನಿಂದ ಒಂದು, ಒಂದು, ಎರಡು. ಎಲ್ಲ ಬದಲಾಗಿದೆ. ಎದೆ ಮುಟ್ಟಿದ್ದು ಏನಕ್ಕೆ? ನನಗೆ ಗೊತ್ತಿಲ್ಲ.

ಟೇಬರ್ ಕಣ್ಣೆತ್ತಿದ. ಕಿಂಡಿಯನ್ನೇ ನೋಡಿದ. ಡೆಲ್ಬರ್ಟ್ ನೋಡುತ್ತಿದ್ದ ಹಾಗೆಯೇ.

ಕಿಂಡಿಯೊಳಗಿಂದ ತೋಳು ತೂರಿಸಿದೆ. ಆಮೇಲೆ ತಲೆ. ದುರ್ಬೀನು ಕೈಯಲ್ಲೇ ಇತ್ತು. ಬೇಡ ಬೇಡ ಅಂತ ಎರಡೂ ಕೈ ಆಡಿಸಿದೆ. ಟೇಬರ್ ಬ್ಯಾಟು ಕೆಳಗೆ ಹಾಕಿ ಹಿಂದೆ ಸರಿದ. ಅಂಪೈರು ಕೈ ಎತ್ತಿ ಆಟ ನಿಲ್ಲಿಸಿದ. ಬೋಸ್ಟ್ರಮ್ ಹಿಂತಿರುಗಿ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅಲ್ಲೇ ಕೂತುಬಿಟ್ಟ.

ಈಗ ಶುರುವಾಗಿದೆ ಗಲಾಟೆ. ಬಾಟಲಿಗಳು ಹಲಗೆಗೆ ಬಡಿಯುತ್ತಿವೆ.

ರೇಡಿಯೊದವನು ಇಷ್ಟರಲ್ಲಿ ಹೇಳಿರುತ್ತಾನೆ. ಚೆಂಡು ಯಾಕೆ ತಿರುಗಲಿಲ್ಲ ಅಂತ ಡೆಲ್ಬರ್ಟ್‌ಗೆ ಈಗ ಗೊತ್ತು.

ಏಣಿ ಕಿರುಗುಟ್ಟುತ್ತಿದೆ. ಒಬ್ಬರಲ್ಲ. ಗಸ್ ಅಗುಳಿ ಹಾಕಿ ಬಂದ. ಅದು ತಡೆಯುವುದಿಲ್ಲ, ಅವನಿಗೂ ಗೊತ್ತು. ಮೊಳೆ ತೆಗೆದುಕೊಂಡು ಖಾಲಿ ಹಲಗೆಯ ಮುಂದೆ ಕೂತಿದ್ದಾನೆ.

"1953 ಅಂತ ಗೀಚಾಯ್ತು. ಮುಂದೆ? ಬೇಗ ಹೇಳು."

ಬೋಸ್ಟ್ರಮ್ ತಪ್ಪಲ್ಲ ಅಂತ ಬರಿ ಅಂದೆ. ಆಮೇಲೆ ನನ್ನ ಹೆಸರು ಬರಿ, ಪೂರ್ತಿ ಹೆಸರು, ವೆಂಡೆಲ್