ಎರಡನೇ ಗೇರು ಬಿಟ್ಟು

ಜೂನ್ 3, ಮಂಗಳವಾರ

ಬೆಳಿಗ್ಗೆ ಹೆಂಡತಿಯ ತೂಕ ನೋಡಿದೆ. ಇವಳ ಮೈಯಲ್ಲಿ ಎರಡೂವರೆ ಕೆಜಿ ನೀರು ಹೆಚ್ಚು. ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ. ಗುಡ್ಡ ಕುಸಿದು ಘಾಟಿಯಲ್ಲಿ ಬಸ್ಸು ನಿಂತು ಹನ್ನೊಂದು ದಿನ. ಡಯಾಲಿಸಿಸ್ ಇರುವುದು ಘಾಟಿಯ ಆಚೆ, ವಾರಕ್ಕೆ ಮೂರು ಸಲ. ಇವತ್ತು ಬಾಡಿಗೆ ಕಾರಿನವನು ಕೆಸರಿನಲ್ಲಿ ಹೂತು, ಹೇಗೋ ಎದ್ದು, ವಾಪಸ್ ತಿರುಗಿಸಿಬಿಟ್ಟ. ಒಂದು ಸಲ ತಪ್ಪಿತು. ಇನ್ನೊಂದು ತಪ್ಪಿದರೆ… ಡಾಕ್ಟರು ಹೇಳಿದ್ದನ್ನು ಬರೆಯಲಾರೆ.

ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು. ಊರಲ್ಲಿ ಮಾರಾಟಕ್ಕಿರುವುದು ಒಂದೇ — ಹಲ್ಲಿನ ಡಾಕ್ಟರದು. ಶೋಕಿಗೆ ಅವರು ರೇಸಿನಲ್ಲಿ ಓಡಿಸುತ್ತಿದ್ದ ನೀಲಿ ಕಾರು.

ಜೂನ್ 4, ಬುಧವಾರ

ಅಂಚೆ ಕಚೇರಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದೆ. ಗ್ಯಾರೇಜಿನ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಏರಿನಲ್ಲಿ ಓಡಿಸಿ ನೋಡಿದ. ಕ್ಲಚ್ ಜಾರಲಿಲ್ಲ. ಆದರೆ ಪೆಡಲ್ ಮೆತ್ತಗೆ, ಮೇಲೆ ಬರುವುದು ನಿಧಾನ. ಎರಡನೇ ಗೇರಿಗೆ ಹಾಕಿದಾಗಲೆಲ್ಲ ಕರಕರ. ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದ. ಲೋಹದ ಪುಡಿ ಮಿಣಮಿಣ. ರೇಸಿನಲ್ಲಿ ನಿಂತಲ್ಲಿಂದ ರೊಯ್ಯನೆ ಎಬ್ಬಿಸಿ ಎಬ್ಬಿಸಿ ಓಡಿಸಿದ ಗಾಡಿ ಇದು ಎಂದ. ನಾಲ್ಕೂ ಚಕ್ರ ನೆಲ ಕಚ್ಚುವುದರಿಂದ ಆ ಹೊಡೆತವೆಲ್ಲ ಕ್ಲಚ್ಚಿಗೂ ಗೇರಿಗೂ ಬೀಳುತ್ತದಂತೆ.

"ಹಲ್ಲಿನ ಡಾಕ್ಟ್ರ ಗಾಡೀಲಿ ಗೇರಿನ ಹಲ್ಲೇ ಸವೆದಿದೆ ಸಾರ್. ಬಿಚ್ಚಿ ನೋಡ್ದೆ ತಗೋಬೇಡಿ."

ಬಿಚ್ಚಿ ಜೋಡಿಸಲು ಒಂದು ವಾರ. ನಾಳೆ ಗುರುವಾರ, ಡಯಾಲಿಸಿಸ್ ದಿನ. ತೆಗೆದುಕೊಂಡೆ.

ಮೇಸ್ತ್ರಿ ಬಹಳ ಮೆಚ್ಚಿದ ಅಂತ ಇವಳಿಗೆ ಹೇಳಿದೆ. ಹತ್ತೊಂಬತ್ತು ವರ್ಷ ಇದೇ ಘಾಟಿಯಲ್ಲಿ ಬಸ್ಸು ಓಡಿಸಿದವಳು. ನನ್ನ ಮುಖ ನೋಡಿ, ಕೀ ತೆಗೆದುಕೊಂಡು ಮೊಳೆಗೆ ನೇತುಹಾಕಿದಳು.

ಜೂನ್ 5, ಗುರುವಾರ

ಹೋಗಿ ಬಂದೆವು! ಕೆಸರಿಗೆ ಕ್ಯಾರೇ ಅನ್ನಲಿಲ್ಲ ಗಾಡಿ. ಕರಕರ ಎಂದಾಗಲೆಲ್ಲ ರೇಡಿಯೊ ದೊಡ್ಡದು ಮಾಡಿದೆ. ಇವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಜೂನ್ 14, ಶನಿವಾರ. ಆಸ್ಪತ್ರೆ

ಬರೆಯದಿದ್ದರೆ ತಲೆ ಕೆಡುತ್ತದೆ.

ಡಯಾಲಿಸಿಸ್‌ಗೆ ಹೊರಟಾಗ ಘಾಟಿಯ ನಾಲ್ಕನೇ ತಿರುವಿನಲ್ಲಿ ಕ್ಲಚ್ ಪೆಡಲ್ ನೆಲಕ್ಕೆ ಬಿತ್ತು. ಏಳಲೇ ಇಲ್ಲ. ಬ್ರೇಕ್ ಹಾಕಿದೆ, ಎಂಜಿನ್ ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಹಿಂದೆ ಮುಂದೆ ಒಂದು ಗಾಡಿ ಇಲ್ಲ. ರಸ್ತೆಯಲ್ಲಿ ಹುಚ್ಚನ ಹಾಗೆ ಓಡಾಡಿದೆ. ಒಳಗೆ ಇವಳಿಗೆ ಏದುಸಿರು, ತುಟಿ ಕಪ್ಪಿಟ್ಟಿತ್ತು. ಬಾಗಿಲ ಬಳಿ ಕುಸಿದು ಕೂತು ಎಲ್ಲ ಹೇಳಿಬಿಟ್ಟೆ — ಎಣ್ಣೆ, ಪುಡಿ, ಮೇಸ್ತ್ರಿಯ ಮಾತು.

"ಗೊತ್ತು. ಮೊದಲ್ನೇ ದಿನಾನೇ ಗೊತ್ತಾಯ್ತು. ನೀವು ಈ ಕಡೆ ಬನ್ನಿ."

ಸ್ಟೀರಿಂಗಿಗೆ ಬಂದು ಕೂತಳು. ಮೊದಲನೇ ಗೇರಿಗೆ ಹಾಕಿ, ಗೇರಿನಲ್ಲೇ ಕೀ ತಿರುಗಿಸಿದಳು. ಗಾಡಿ ಎರಡು ಸಲ ಕುಪ್ಪಳಿಸಿ ಹೊರಟೇಬಿಟ್ಟಿತು. ಕ್ಲಚ್ ಇಲ್ಲದೆ! ಏರು ಮುಗಿಯುವವರೆಗೆ ಒಂದರಲ್ಲೇ. ಆಮೇಲೆ ಎಂಜಿನ್ನಿನ ಸದ್ದು ಕೇಳುತ್ತ ಕೇಳುತ್ತ, ಎರಡನೆಯದನ್ನು ಮುಟ್ಟದೆ, ಸೀದಾ ಮೂರಕ್ಕೆ. ಗೇರು ತಾನಾಗಿ ಬಂದು ಕೂತಿತು. ಮೂವತ್ತೊಂದು ಕಿಲೋಮೀಟರ್ ಎಲ್ಲೂ ನಿಲ್ಲಿಸಲಿಲ್ಲ. ಆಸ್ಪತ್ರೆಯ ಗೇಟಿನೊಳಗೆ ಎಂಜಿನ್ ಆಫ್ ಮಾಡಿ ಸ್ಟೀರಿಂಗಿನ ಮೇಲೆ ತಲೆ ಇಟ್ಟಳು.

ಎತ್ತಿ ಸ್ಟ್ರೆಚರ್ ಮೇಲೆ ಹಾಕಿದ್ದು ನಾನೂ ವಾಚ್‌ಮನ್ನೂ.

ಜೂನ್ 15, ಭಾನುವಾರ

ಐಸಿಯು. ಹೃದಯ ತುಂಬ ಸೋತಿದೆಯಂತೆ. ಐದು ನಿಮಿಷ ಒಳಗೆ ಬಿಟ್ಟರು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ನಾನು ಗಾಡಿ ವಾಪಸ್ ಕೊಡುತ್ತಿದ್ದೆನಂತೆ, ಬೇರೆ ಗಾಡಿ ಎಲ್ಲಿತ್ತು ಅಂತ. ಕ್ಷಮಿಸು ಎಂದೆ.

"ಸುಳ್ಳು ಹೇಳಿದ್ದು ಹೋಗ್ಲಿ ಬಿಡಿ. ಗಾಡಿ ವಿಷ್ಯ… ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಕೇಳಬೇಕಿತ್ತು. ಕಾಯಿಲೆಯವಳು ಅಂತ ಬಿಟ್ಟೆ. ಅಷ್ಟೆ.

ಜೂನ್ 27, ಶುಕ್ರವಾರ

ವಾರ್ಡಿಗೆ ತಂದಿದ್ದಾರೆ. ಗಾಡಿ ರಿಪೇರಿ ಮುಗಿಯಿತೆಂದು ಮೇಸ್ತ್ರಿಯ ಫೋನ್. ಇನ್ನು ಇವಳು ಸ್ಟೀರಿಂಗ್ ಮುಟ್ಟುವಂತಿಲ್ಲ. ಇನ್ನೆಷ್ಟು ದಿನ ಇರುತ್ತಾಳೆ ಎಂದು ಡಾಕ್ಟರನ್ನು ಕೇಳಿದೆ. ಫೈಲ್ ತಿರುವಿ ಹಾಕಿ, ಪಕ್ಕದ ಮಂಚಕ್ಕೆ ಹೋದರು.

ಇವಳು ನನಗೆ ಘಾಟಿಯಲ್ಲಿ ಸರಿಯಾಗಿ ಓಡಿಸಲು ಕಲಿಸುತ್ತಿದ್ದಾಳೆ, ಮಂಚದ ಮೇಲಿಂದಲೇ. ನನ್ನ ಅಂಗೈ ಪೆಡಲ್. ಎಡಗಾಲಿನಿಂದ ಅದನ್ನು ಒತ್ತಿ, ಮೆಲ್ಲಗೆ ಬಿಡುತ್ತ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ತೋರಿಸುತ್ತಾಳೆ.

ಜೂನ್ 29, ಭಾನುವಾರ

ಬೆಳಿಗ್ಗೆ ಅಂಗೈ ಹಿಡಿದೆ. ಒತ್ತಿದಳು, ಮೊನ್ನೆಯಷ್ಟು ಬಲವಿಲ್ಲ. "ಇಲ್ಲಿ," ಎಂದಳು. ತಿಳಿಯಿತು ಎಂದೆ. ಹಾಗೇ ಕಣ್ಣು ಮುಚ್ಚಿದಳು.

ತಿಳಿಯಲಿಲ್ಲ. ಇನ್ನೊಂದು ಸಲ ತೋರಿಸು ಅನ್ನಬೇಕು, ಎದ್ದ ಮೇಲೆ. ಕಾಲು ಇನ್ನೂ ನನ್ನ ಅಂಗೈಯಲ್ಲೇ ಇದೆ. ಬಲಗೈಯಲ್ಲಿ ಇದನ್ನು ಬರೆಯುತ್ತ… ಇವಳ ಕಾಲ್ಬೆರಳು ತಣ್ಣಗೆ —