ಗಟ್ಟಿ ಬೆಳಕು ತರಲು ಕ್ಯಾರಿಯರ್ ಹಿಡಿದು ಹೋದದ್ದು

ಪ್ರಯೋಗಾಲಯದ ಮಾನ್ಯ ಪ್ರಕಟಣಾಧಿಕಾರಿಗಳೇ,

ಬೆಳಕು ಕನ್ನಡಿಗೆ ಬಡಿದರೆ ತಿರುಗಿ ಓಡುತ್ತದೆ ಎಂದು ಜಗತ್ತಿನಲ್ಲಿ ಮೊಟ್ಟಮೊದಲು ಕಂಡುಹಿಡಿದವನು ನಾನು. ಹಳ್ಳಿ ಶಾಲೆಯ ಏಳನೇ ಕ್ಲಾಸಿನಲ್ಲಿ, ಒಡೆದ ಕನ್ನಡಿ ಚೂರು ಹಿಡಿದು, ಮೇಷ್ಟ್ರ ಬೋಳುತಲೆಯ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೆ. ಬಹುಮಾನವನ್ನು ಅಲ್ಲೇ ಅಂಗೈ ಮೇಲೆ ಕೊಟ್ಟರು. ಅಂಥ ನನಗೇ ನೀವು ಟೋಪಿ ಹಾಕಿದ್ದೀರಿ. ನಷ್ಟ ಲಕ್ಷಗಟ್ಟಲೆ!

ಪತ್ರಿಕೆಯಲ್ಲಿ ನಿಮ್ಮ ಪ್ರಕಟಣೆ ಬಂತು: "ನಮ್ಮಲ್ಲಿ ಬೆಳಕು ಘನರೂಪ ತಾಳಿದೆ. ಸಾರ್ವಜನಿಕರು ಭಾನುವಾರ ಬಂದು ನೋಡಬಹುದು." ಸ್ವಾಮಿ, ಘನ ಎಂದರೇನು? ಘನ, ದ್ರವ, ಅನಿಲ ಎಂದು ಬಾಯಿಪಾಠ ಮಾಡಿದವನು ನಾನು. ಘನವಸ್ತು ಕಾಲ ಮೇಲೆ ಬಿದ್ದರೆ ಅಯ್ಯೋ ಅನ್ನಬೇಕು. ಸಭೆಗಳಲ್ಲಿ "ಘನ ಅಧ್ಯಕ್ಷರು" ಎಂದಾಗ ನಾವು ಯಾರೂ ಮುಟ್ಟಿ ನೋಡಲು ಹೋಗುವುದಿಲ್ಲ, ಅದು ಬೇರೆ ಮಾತು. ವಿಜ್ಞಾನದವರೂ ಅದೇ ಚಾಳಿ ಹಿಡಿದರೆ ನಾವು ಯಾರ ಮುಖ ನೋಡೋಣ?

ನನ್ನಕ್ಕ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಪಕ್ಕದಲ್ಲಿ ಎತ್ತರದ ಕಟ್ಟಡ ಎದ್ದು ಅವಳ ಕಿಟಕಿ ಕುರುಡಾಗಿದೆ. ಒಂದು ಲ್ಯಾಂಪು ಕೊಳ್ಳಲು ಹೊರಟಿದ್ದಳು. ನಾನೇ ತಡೆದೆ.

"ಲ್ಯಾಂಪು ಗೀಂಪು ಬೇಡಕ್ಕ. ಭಾನುವಾರ ಗಟ್ಟಿ ಬೆಳಕೇ ತಂದುಕೊಡ್ತೀನಿ. ಮೆಷಿನ್ ಪಕ್ಕ ಇಟ್ಟುಕೋ. ಕರೆಂಟ್ ಬಿಲ್ಲೂ ಬರಲ್ಲ."

"ನೀನು ತಂದ ಹಾಗೆ, ನಾನು ಕಂಡ ಹಾಗೆ."

ಅಂದರೂ ಕಾದಳು. ತಮ್ಮನ ಮಾತನ್ನು ನಂಬಿ ಅಲ್ಲ, ಅಚ್ಚಾದ ಅಕ್ಷರ ನಂಬಿ. ಆ ವಾರವೇ, ಮಬ್ಬಿನಲ್ಲಿ ಹೊಲಿದ ಅಂಗಿಗಳ ಗಂಟು ಶಾಲೆಯಿಂದ ವಾಪಸ್ಸು ಬಂತು. ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ. "ಕಣ್ಣು ಮಂಜಾಗಿದ್ದರೆ ಹೇಳಿಬಿಡಿ, ಬೇರೆಯವರಿಗೆ ಕೊಡ್ತೀವಿ" ಎಂದು ಅಲ್ಲಿನ ಮ್ಯಾನೇಜರು ಹೇಳಿ ಕಳಿಸಿದರು.

ಭಾನುವಾರ ಇಬ್ಬರೂ ಬಂದೆವು. ಬೆಳಕು ಬಿಸಿಯಿದ್ದೀತೆಂದು ಸ್ಟೀಲ್ ಕ್ಯಾರಿಯರ್, ದಪ್ಪ ಟವೆಲ್ಲು ತಂದಿದ್ದೆ. ನಿಮ್ಮ ಸಂಶೋಧಕಿ ಹುಡುಗಿ ಒಳ್ಳೆಯವಳು, ನಗು ತಡೆದುಕೊಂಡಳು. ಕೊಳವೆಗಳ ನಡುವೆ ಒಂದು ಪೆಟ್ಟಿಗೆ. ಅದರೊಳಗೆ ವಿಪರೀತ ಚಳಿಯಂತೆ, ಉಗುರಿಗಿಂತ ಚಿಕ್ಕ ಚೂರೊಂದಿದೆಯಂತೆ. ನಮಗೆ ಕಂಡದ್ದು ಕಂಪ್ಯೂಟರಿನ ಮೇಲೆ ನಾಲ್ಕು ಪಟ್ಟೆ.

"ತುಂಡು ಎಲ್ಲಮ್ಮಾ?" ಎಂದೆ.

"ಇದೇ ಅಂಕಲ್. ಮುಟ್ಟೋಕೆ ಏನೂ ಇಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಹೊಲಿಯೋರು ಅಂದ್ರಲ್ಲಮ್ಮ, ಹೊಲಿಗೆ ಥರಾನೇ ಇದು. ಬೆಳಕು ಆ ಚೂರಿನ ಪದಾರ್ಥದ ಜೊತೆ ಬೆರೆತು ತಾನಾಗೇ ಸಾಲು ಕಟ್ಟಿ ನಿಲ್ಲುತ್ತೆ. ಅದಕ್ಕೇ ಘನ ಅಂದಿದ್ದು. ಆದ್ರೆ ಎಲ್ಲೂ ಸಿಕ್ಕಿಕೊಳ್ಳದೆ ಹರೀತಾನೂ ಇರುತ್ತೆ" ಎಂದಳು.

"ಹೊಲಿಗೆ ನಿಂತಿದೆ, ದಾರ ಓಡ್ತಿದೆ ಅನ್ನು. ಚೆನ್ನಾಗಿದೆ ತಾಯಿ. ಇದರ ಬೆಳಕಲ್ಲಿ ಸೂಜಿಗೆ ದಾರ ಹಾಕಬಹುದಾ?"

"ಇಲ್ಲಮ್ಮ. ಇದನ್ನ ನೋಡೋಕೆ ನಮಗೇ ಕ್ಯಾಮೆರಾ ಬೇಕು."

ಅಕ್ಕ ನನ್ನನ್ನು ನೋಡಿದಳು. "ಕ್ಯಾರಿಯರ್ ಮುಚ್ಚಳ ಭದ್ರವಾಗಿ ಹಾಕಿಕೊಳ್ಳೋ. ಬೆಳಕು ಚೆಲ್ಲೀತು."

ಬೆಳಕನ್ನು ಸಾಲಿನಲ್ಲಿ ನಿಲ್ಲಿಸುವುದು ದೊಡ್ಡ ವಿದ್ಯೆ, ಒಪ್ಪಿದೆ. ನಮ್ಮ ಬಸ್‌ ಸ್ಟಾಪಿನಲ್ಲಿ ಮನುಷ್ಯರನ್ನೇ ನಿಲ್ಲಿಸಲಾಗಿಲ್ಲ. ಆದರೆ ಅಷ್ಟು ಸೂಕ್ಷ್ಮದ ಕೆಲಸ ಮಾಡುವವರಿಗೆ "ಈ ಘನ ಮನೆಗೆ ಒಯ್ಯುವಂಥದ್ದಲ್ಲ" ಎಂದು ಒಂದು ಸಾಲು ಸೇರಿಸಲು ಶಾಯಿ ಇರಲಿಲ್ಲವೇ? ಆ ಸಾಲನ್ನು ಈಗಲಾದರೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಮುಖ್ಯವಾಗಿ, ಆ ಶಾಲೆಯ ಮ್ಯಾನೇಜರಿಗೆ ನಿಮ್ಮ ಮೊಹರು ಒತ್ತಿ ಎರಡು ಮಾತು ಬರೆಯಿರಿ: ಕಾಜ ಸೊಟ್ಟಗಾದದ್ದು ನಮ್ಮ ಪದದಿಂದ, ಆಕೆಯ ಕಣ್ಣಿನಿಂದಲ್ಲ. ಕೆಲಸ ಅವಳ ಕೈಯಲ್ಲೇ ಉಳಿಯಬೇಕು. ಬಿಚ್ಚಿ ಹೊಲಿದ ಅಂಗಿಗಳು ಮುಂದಿನ ಸೋಮವಾರ ಹೋಗುತ್ತವೆ. ನಿಮ್ಮ ಪತ್ರ ಅದಕ್ಕಿಂತ ಮುಂಚೆ ಹೋಗಲಿ.

ಲಕ್ಷಗಟ್ಟಲೆ ನಷ್ಟ ಅಂದೆನಲ್ಲ, ಅದನ್ನು ಸ್ವಲ್ಪ ಇಳಿಸಿಕೊಳ್ಳಿ. ಮನೆಗೆ ಮರಳುವಾಗ ದಾರಿಯಲ್ಲಿ ಲ್ಯಾಂಪು ಕೊಂಡವಳು ಅಕ್ಕ. ಅವಳ ಬಸ್‌ ಟಿಕೆಟ್ಟೂ ಅವಳದೇ. ನನ್ನ ಜೇಬಿನಿಂದ ಹೋದದ್ದು ಹೋಗಿಬರುವ ಚಾರ್ಜು, ಹನ್ನೆರಡು ರೂಪಾಯಿ.

ಇಂತಿ,
ಸದ್ಯಕ್ಕೆ ಅಕ್ಕನ ಸೂಜಿಗೆ ದಾರ ಹಾಕಿಕೊಡುತ್ತಿರುವ,
ಖಾಲಿ ಕ್ಯಾರಿಯರಿನ ತಮ್ಮ