ನೀರು ನಿಂತರೂ ಉರಿದ ಬಲ್ಬು

ಲೇಡೀಸ್ ಹಾಸ್ಟೆಲ್, ವಿಶಾಖಪಟ್ಟಣ
11 ಫೆಬ್ರವರಿ 2025, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬಿಪಿ ಮಾತ್ರೆ ತಪ್ಪಿಸಬೇಡಿ. ವಿಜಯವಾಡದಲ್ಲಿ ಆಗಲೇ ಸೆಕೆಯಂತೆ, ಅಮ್ಮನ ಮಂಡಿನೋವು ಹೇಗಿದೆ? ನಾನು ಚೆನ್ನಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ "ಮೀಟಿಂಗ್‌ನಲ್ಲಿದ್ದೀನಿ ಪುಟ್ಟಾ" ಅಂತ ಕಟ್ ಮಾಡ್ತೀರಿ, ಇಲ್ಲಾ ನಾನೇ ಅತ್ತುಬಿಡ್ತೀನಿ. ಅದಕ್ಕೇ ಪತ್ರ.

ನೀವು ಬಸ್ ಪಾರ್ಸಲ್‌ನಲ್ಲಿ ಕಳಿಸಿದ ಮಾಡೆಲ್ ತಲುಪಿತು. ಅಂಗಡಿಯಿಂದ ರೆಡಿಮೇಡ್ ಕಳಿಸಿ ಅಂತ ನಾನು ಕೇಳಿದ್ದೆನಾ? ಉಬ್ಬರವಿಳಿತದಿಂದ ಕರೆಂಟ್ ತೆಗೆಯೋದು ನನ್ನ ಮತ್ತು ಗೌರವ್‌ನ ಪ್ರಾಜೆಕ್ಟ್. ಪ್ರತಿ ಭಾನುವಾರ ಭೀಮುನಿಪಟ್ಟಣಕ್ಕೆ ಹೋಗಿ, ನದಿ ಸಮುದ್ರ ಸೇರುವಲ್ಲಿ ಕಟ್ಟಿಹಾಕಿದ್ದ ಹಳೇ ದೋಣಿಗೆ ನಮ್ಮ ಟರ್ಬೈನ್ ಬಿಗಿದಿದ್ವಿ. ಪೈಪು ಸೀಳಿ ಮಾಡಿದ ರೆಕ್ಕೆ, ಎರಡು ಸಲ ಬಲೆಚೂರು ಸುತ್ತಿಕೊಂಡು ಮುರೀತು. ಆಮೇಲೆ ತಿರುಗಿ ಪುಟ್ಟ ಎಲ್‌ಇಡಿ ಹತ್ತಿದಾಗ ಮೊದಲು ಫೋನ್ ಮಾಡಿದ್ದು ನಿಮಗೇ. ನಿಮಗೆ ಕೇಳಿಸಿದ್ದು "ಮುರೀತು" ಅನ್ನೋದಷ್ಟೇ. ಅಂಗಡಿಗೆ ಓಡಿದಿರಿ. ಸಾಲದ್ದಕ್ಕೆ ನಮ್ಮ ಪ್ರಾಜೆಕ್ಟ್ ಗೈಡ್ ರಾಮಮೋಹನ್ ಸರ್‌ಗೂ ಫೋನ್ ಮಾಡಿ, ಮಗಳು ಮಾಡಿದ ಮಾಡೆಲ್ ಬರ್ತಿದೆ ಅಂದಿರಿ.

ನಿನ್ನೆ ರಿವ್ಯೂನಲ್ಲಿ ಸರ್ ಅದನ್ನೇ ಟೇಬಲ್ ಮೇಲೆ ಇಡಿಸಿದರು. ಗಾಜಿನ ತೊಟ್ಟಿ, ನೀರು ಹರಿಸೋ ಪಂಪು, ಥರ್ಮಾಕೋಲ್ ಅಣೆಕಟ್ಟು, ಮೇಲೆ ಬಲ್ಬಿನ ಸಾಲು. ನನ್ನದಲ್ಲ ಅನ್ನೋಕೆ ಬಾಯಿ ಬರಲಿಲ್ಲ, ನಿಮ್ಮನ್ನ ಸುಳ್ಳುಗಾರ ಮಾಡಿದ ಹಾಗಾಗುತ್ತಲ್ಲ. ಸರ್ ಪಂಪ್ ಆಫ್ ಮಾಡಿದರು. ನೀರು ನಿಂತಿತು. ಬಲ್ಬುಗಳು ಉರೀತಾನೇ ಇದ್ದವು. "ನೀಳ್ಳು ಆಗಿನಾ ನೀ ಲೈಟು ಆಗದಾ ತಲ್ಲೀ?" ಅಂದರು, ನೀರು ನಿಂತರೂ ನಿನ್ನ ಲೈಟು ನಿಲ್ಲಲ್ವಾ ತಾಯಿ ಅಂತ. ಇಡೀ ಕ್ಲಾಸು ನಕ್ಕಿತು. ತಳ ಎತ್ತಿದರೆ ಬ್ಯಾಟರಿ, ಗಮ್ ಹಾಕಿ ಅಂಟಿಸಿದ್ದು. ಎಕ್ಸಿಬಿಷನ್‌ನಿಂದ ನಮ್ಮಿಬ್ಬರ ಹೆಸರೂ ತೆಗೆದರು. ಗೌರವ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನದೇನು ತಪ್ಪಿತ್ತು ಹೇಳಿ.

ಐದನೇ ಕ್ಲಾಸಿನಿಂದ ಹೀಗೇ ಅಪ್ಪಾ. ಜ್ವರ ಬಂದರೆ ಹಾಸ್ಟೆಲ್‌ಗೆ ಹಾರ್ಲಿಕ್ಸ್ ಪಾರ್ಸಲ್, ಸ್ಪೋರ್ಟ್ಸ್ ಡೇ ಅಂದರೆ ಶೂ ಪಾರ್ಸಲ್. ಪ್ರತಿ ಸಲ ಗೇಟಿನ ಹತ್ತಿರ ನಾನು ನೋಡ್ತಿದ್ದದ್ದು ಡಬ್ಬಿ ತಂದವನ ಹಿಂದೆ ನೀವಿದ್ದೀರಾ ಅಂತ.

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡಿ. ಸಿಟ್ಟಿನಲ್ಲೇ ಇಬ್ಬರಿಗೂ ನಮಸ್ಕಾರ.

ನಿಮ್ಮ,
ಇಂಚರಾ

ಮರೆತೆ: ಕಾಡಿ ಬೇಡಿ ಸರ್‌ನ ಒಪ್ಪಿಸಿದ್ದೀನಿ. ಶನಿವಾರ ಬೆಳಿಗ್ಗೆ ಭೀಮುನಿಪಟ್ಟಣಕ್ಕೇ ಬಂದು ನಮ್ಮದನ್ನ ನೋಡ್ತಾರೆ. ಉಬ್ಬರ ಇಳಿತಕ್ಕೆ ತಿರುಗುವಾಗ ನೀರು ನಿಲ್ಲುತ್ತೆ, ನಮ್ಮ ಲೈಟು ಆರುತ್ತೆ. ಗಾಬರಿಯಾಗಿ ಅಂಗಡಿ ಹುಡುಕಬೇಡಿ, ಅದು ಆರಲೇಬೇಕು. ಸುಮ್ಮನೆ ನನ್ನ ಪಕ್ಕ ನಿಂತಿರಿ, ಮತ್ತೆ ಹತ್ತುತ್ತೆ. ಬರಿಗೈಲಿ ಬನ್ನಿ.